ಇಂಧನ ಭದ್ರತೆ ಮತ್ತು ವಿದೇಶಾಂಗ ನೀತಿ

ಒಂದು ರಾಷ್ಟ್ರದ ಗೃಹಕೃತ್ಯ, ಕೃಷಿ, ಕೈಗಾರಿಕೆ, ಸಾರಿಗೆ ಮತ್ತು ರಕ್ಷಣಾಕಾರ್ಯಗಳಿಗೆ ಅವಶ್ಯವಾದ ಇಂಧನವು ಸಾಕಷ್ಟು ಪ್ರಮಾಣದಲ್ಲಿ, ಜನರು ತೆರಬಲ್ಲ ಬೆಲೆಗೆ, ಎಡೆಬಿಡದೆ ಒದಗುತ್ತಿರುವ ಸ್ಥಿತಿಯೇ ಇಂಧನ ಭದ್ರತೆ. ತನ್ನ ನೆಲದಲ್ಲಿ ದೊರೆಯದ ಇಂಧನವನ್ನು ಪರದೇಶಗಳಿಂದ ತರಿಸಿಕೊಳ್ಳಬೇಕಾದ ರಾಷ್ಟ್ರಕ್ಕೆ ಈ ಭದ್ರತೆಯು ಗಣಿ, ಬಾವಿ, ಯಂತ್ರಾಗಾರಗಳಿಂದ ಮಾತ್ರ ಸಿದ್ಧಿಸುವುದಿಲ್ಲ. ಅದು ರಾಯಭಾರ, ಒಪ್ಪಂದ, ಮೈತ್ರಿ, ಹಣಪಾವತಿಯ ಏರ್ಪಾಡು, ಸಮುದ್ರಮಾರ್ಗದ ರಕ್ಷಣೆ ಎಂಬ ಅನೇಕ ರಾಜಕಾರ್ಯಗಳನ್ನು ಆಶ್ರಯಿಸಿರುತ್ತದೆ. ಆದುದರಿಂದಲೇ ಇಪ್ಪತ್ತನೆಯ ಶತಮಾನದ ಆದಿಯಿಂದೀಚೆಗೆ ಇಂಧನದ ಚಿಂತೆಯು ವಿದೇಶಾಂಗ ನೀತಿಯ ಅಂಚಿನಿಂದ ಅದರ ಒಡಲಿಗೆ ಸರಿದುಬಂದಿದೆ.

ಈ ಸಂಬಂಧವು ರಾಜಧಾನಿಗಳ ಮಂತ್ರಾಲೋಚನೆಯ ವಿಷಯವಾಗಿ ತೋರಿದರೂ ಅದರ ಫಲವನ್ನು ಉಣ್ಣುವವರು ಸಾಮಾನ್ಯ ಜನರು. ಗದಗ ಜಿಲ್ಲೆಯ ರೋಣ ಸೀಮೆಯಲ್ಲಿ, ಭೀಮಾಂಬಿಕೆಯ ಕ್ಷೇತ್ರವೆಂದು ನಾಡಿಗೆ ಪರಿಚಿತವಾದ ಇಟಗಿ ಗ್ರಾಮವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಕಡಲೆಗಳನ್ನು ಬೆಳೆಯುವ ಒಕ್ಕಲಿಗನ ಟ್ರ್ಯಾಕ್ಟರಿಗೆ ಬೇಕಾದ ಡೀಸೆಲ್ ಬಹುಮಟ್ಟಿಗೆ ಹೊರದೇಶದ ಕಚ್ಚಾ ತೈಲದಿಂದ ಆದದ್ದು. ಅವನು ಬೆಳೆಗೆ ಹಾಕುವ ಯೂರಿಯಾ ನೈಸರ್ಗಿಕ ಅನಿಲದಿಂದ ತಯಾರಾದದ್ದು. ಅವನ ಮನೆಯ ಒಲೆಗೆ ಬಂದ ಸಿಲಿಂಡರಿನ ಅನಿಲದಲ್ಲಿ, ರಾಷ್ಟ್ರದ ಒಟ್ಟು ಲೆಕ್ಕದಂತೆ, ಅರ್ಧಕ್ಕಿಂತ ಹೆಚ್ಚು ಪಾಲು ಆಮದಾದದ್ದು, ಅದರಲ್ಲಿಯೂ ಬಹುಭಾಗ ಪರ್ಶಿಯಾ ಕೊಲ್ಲಿಯ ದೇಶಗಳದು. ಆ ಕೊಲ್ಲಿಯ ಬಾಗಿಲಾದ ಹೊರ್ಮುಜ್ ಜಲಸಂಧಿಯಲ್ಲಿ ಹಡಗುಗಳ ಸಂಚಾರಕ್ಕೆ ತಡೆಯುಂಟಾದರೆ ಇಟಗಿಯ ಬಿತ್ತನೆಯ ಖರ್ಚು ಏರುವುದು. ಇಂಧನವನ್ನು ಕುರಿತ ರಾಜತಂತ್ರದ ಗುಣದೋಷಗಳನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ಇನ್ನೊಂದಿಲ್ಲ.

ಐತಿಹಾಸಿಕ ಹಿನ್ನೆಲೆ

ಇಂಧನವನ್ನು ರಾಷ್ಟ್ರರಕ್ಷಣೆಯ ವಿಷಯವಾಗಿ ಎಣಿಸಿ, ಅದಕ್ಕಾಗಿ ಸರ್ಕಾರವೊಂದು ಪರದೇಶದಲ್ಲಿ ನೇರವಾಗಿ ಕೈಹಾಕಿದ ಪ್ರಸಿದ್ಧ ಪ್ರಸಂಗ ಮೊದಲನೆಯ ಮಹಾಯುದ್ಧದ ಮುಂಚಿನ ಬ್ರಿಟನ್ನಿನದು. ನೌಕಾಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಯುದ್ಧನೌಕೆಗಳನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಪರಿವರ್ತಿಸಲು ನಿಶ್ಚಯಿಸಿದಾಗ, ತನ್ನ ನೆಲದಲ್ಲಿಯೇ ಹೇರಳವಾಗಿದ್ದ ಇಂಧನವನ್ನು ಬಿಟ್ಟು ದೂರದ ಪರ್ಶಿಯಾದ ಇಂಧನವನ್ನು ನಂಬಬೇಕಾದ ಸ್ಥಿತಿ ಬ್ರಿಟನ್ನಿಗೆ ಒದಗಿತು. 1914ರಲ್ಲಿ ಆ ಸರ್ಕಾರವು ಆಂಗ್ಲೋ-ಪರ್ಶಿಯನ್ ತೈಲ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡುಕೊಂಡಿತು. ಒಂದೇ ದೇಶ, ಒಂದೇ ಮಾರ್ಗ, ಒಂದೇ ತೈಲಕ್ಷೇತ್ರವನ್ನು ನೆಚ್ಚಿ ಕೂರದೆ ಮೂಲಗಳನ್ನು ಹಲವಾಗಿಸಿಕೊಳ್ಳುವುದರಲ್ಲಿಯೇ ಭದ್ರತೆಯಿದೆಯೆಂಬ ಸೂತ್ರವನ್ನು ಚರ್ಚಿಲ್ 1913ರಲ್ಲಿ ಪಾರ್ಲಿಮೆಂಟಿನ ಮುಂದೆ ಪ್ರತಿಪಾದಿಸಿದ್ದರು. ಇಂದಿಗೂ ಆ ಸೂತ್ರ ಈ ಶಾಸ್ತ್ರದ ಮೊದಲ ಪಾಠವಾಗಿ ಉಳಿದಿದೆ.

ತೈಲವುಳ್ಳ ದೇಶಗಳ ಪಕ್ಷದಿಂದ ಇದೇ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ತಮ್ಮ ನೆಲದ ಸಂಪತ್ತಿನ ಮೇಲೆ ತಮಗೇ ಒಡೆತನವಿಲ್ಲವೆಂಬ ಕೊರಗು 1951ರಲ್ಲಿ ಇರಾನಿನ ತೈಲ ರಾಷ್ಟ್ರೀಕರಣಕ್ಕೂ, 1960ರ ಸೆಪ್ಟೆಂಬರಿನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನೆಜುವೇಲಾಗಳು ಬಾಗ್ದಾದಿನಲ್ಲಿ ಸೇರಿ ಒಪೆಕ್ ಸಂಘಟನೆಯನ್ನು ಸ್ಥಾಪಿಸುವುದಕ್ಕೂ ಕಾರಣವಾಯಿತು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಸಮಯದಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ನಿರ್ಬಂಧಿಸಿದುದರಿಂದ ಕೆಲವೇ ತಿಂಗಳುಗಳಲ್ಲಿ ಬೆಲೆಯು ಸುಮಾರು ನಾಲ್ಕು ಪಟ್ಟಾಯಿತು. ಅದಕ್ಕೆ ಉತ್ತರವಾಗಿ ಕೈಗಾರಿಕಾ ರಾಷ್ಟ್ರಗಳು 1974ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯನ್ನು ಪ್ಯಾರಿಸ್ಸಿನಲ್ಲಿ ಸ್ಥಾಪಿಸಿ, ಪ್ರತಿಯೊಂದು ಸದಸ್ಯ ರಾಷ್ಟ್ರವೂ 90 ದಿನಗಳ ನಿವ್ವಳ ಆಮದಿಗೆ ಸಮನಾದ ತೈಲವನ್ನು ಸಂಗ್ರಹಿಸಿಡತಕ್ಕದ್ದೆಂದು ನಿಯಮಿಸಿದವು. ಭಾರತವು 2017ರಲ್ಲಿ ಈ ಸಂಸ್ಥೆಯ ಸಹವರ್ತಿ ರಾಷ್ಟ್ರವಾಯಿತು.

ಮೈಸೂರು ಸಂಸ್ಥಾನದ ಪೂರ್ವನಿದರ್ಶನ

ಕನ್ನಡ ನಾಡಿನಲ್ಲಿ ಇಂಧನಕ್ಕೂ ಸಂಧಾನಕ್ಕೂ ಗಂಟುಬಿದ್ದ ಕಥೆ ತೈಲಯುಗಕ್ಕಿಂತ ಹಿಂದಿನದು. ದಿವಾನ ಶೇಷಾದ್ರಿ ಅಯ್ಯರರ ಕಾಲದಲ್ಲಿ ಯೋಜಿತವಾಗಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳಿಂದ 1902ರಲ್ಲಿ ಕೆಲಸವನ್ನಾರಂಭಿಸಿದ ಶಿವನಸಮುದ್ರದ ಜಲವಿದ್ಯುದಾಗಾರವು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿತು. ಬೇಸಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗಲೂ ಗಣಿಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾದ ಅಗತ್ಯವೇ 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಮುಖ್ಯ ಪ್ರೇರಣೆಗಳಲ್ಲಿ ಒಂದು. ಆದರೆ 1892ರ ಒಪ್ಪಂದದ ಪ್ರಕಾರ ಅಣೆಕಟ್ಟಿಗೆ ಕೆಳದಂಡೆಯ ಮದರಾಸು ಸರ್ಕಾರದ ಸಮ್ಮತಿ ಬೇಕಾಗಿದ್ದಿತು. ಪಂಚಾಯತಿಗೆ ನಿಯಮಿತರಾದ ನ್ಯಾಯಾಧೀಶ ಗ್ರಿಫಿನ್ನರು 1914ರಲ್ಲಿ ತೀರ್ಪನ್ನಿತ್ತರೂ ಮದರಾಸು ಅದನ್ನು ಒಪ್ಪದೆ ಲಂಡನ್ನಿನವರೆಗೆ ಕೊಂಡೊಯ್ದುದರಿಂದ, ವಿವಾದವು 1924ರ ಫೆಬ್ರವರಿ 18ರ ಒಪ್ಪಂದದವರೆಗೆ ಎಳೆದುಕೊಂಡು ಹೋಯಿತು. ಸ್ವತಂತ್ರ ವಿದೇಶಾಂಗ ಅಧಿಕಾರವಿಲ್ಲದ ಸಂಸ್ಥಾನವೊಂದು ತನ್ನ ವಿದ್ಯುದಾಗಾರದ ನೀರಿಗಾಗಿ ವರ್ಷಗಟ್ಟಲೆ ನಡೆಸಿದ ಈ ಸಂಧಾನವು, ಯಂತ್ರಶಿಲ್ಪಿಯ ನಕ್ಷೆಯೂ ರಾಜಕಾರಣಿಯ ಕರಾರುಪತ್ರವೂ ಜೊತೆಜೊತೆಯಾಗಿ ಸಿದ್ಧವಾಗದಿದ್ದರೆ ಕಾರ್ಯಸಿದ್ಧಿಯು ಎಷ್ಟು ತಡವಾಗುವುದೆಂಬುದನ್ನು ತೋರಿಸುತ್ತದೆ.

ಸ್ವತಂತ್ರ ಭಾರತದ ಪ್ರಯತ್ನಗಳು

ಸ್ವಾತಂತ್ರ್ಯ ಬಂದಾಗ ಭಾರತದ ತೈಲವ್ಯಾಪಾರವು ಬರ್ಮಾ-ಷೆಲ್, ಕ್ಯಾಲ್‌ಟೆಕ್ಸ್ ಮುಂತಾದ ವಿದೇಶೀ ಕಂಪನಿಗಳ ಕೈಯಲ್ಲಿತ್ತು. 1960ರ ಸುಮಾರಿನಲ್ಲಿ ಸೋವಿಯತ್ ಒಕ್ಕೂಟವು ಅಗ್ಗದ ಕಚ್ಚಾ ತೈಲವನ್ನು ಕೊಡಲು ಮುಂದಾದಾಗ ಈ ಕಂಪನಿಗಳು ಅದನ್ನು ತಮ್ಮ ಶುದ್ಧೀಕರಣಾಗಾರಗಳಲ್ಲಿ ಸಂಸ್ಕರಿಸಲು ಒಪ್ಪಲಿಲ್ಲ. ತೈಲ ಮಂತ್ರಿ ಕೆ. ಡಿ. ಮಾಳವೀಯರ ನೇತೃತ್ವದಲ್ಲಿ ಸರ್ಕಾರವು ಈ ಇಕ್ಕಟ್ಟಿನಿಂದ ಪಾರಾದದ್ದು ಅಲಿಪ್ತ ನೀತಿಯ ಸದುಪಯೋಗದಿಂದ: ರುಮೇನಿಯಾದ ನೆರವಿನಿಂದ ಗುವಾಹತಿಯಲ್ಲಿಯೂ, ಸೋವಿಯತ್ ನೆರವಿನಿಂದ ಬರೌನಿ, ಕೊಯಲಿಗಳಲ್ಲಿಯೂ ಸಾರ್ವಜನಿಕ ರಂಗದ ಶುದ್ಧೀಕರಣಾಗಾರಗಳು ಎದ್ದವು, 1956ರಲ್ಲಿ ರೂಪುಗೊಂಡ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಗುಜರಾತಿನಲ್ಲಿ ತೈಲವನ್ನು ಕಂಡುಹಿಡಿಯಿತು. ಮುಂದೆ 1974ರಲ್ಲಿ ಮುಂಬಯಿಯ ಕಡಲಿನಲ್ಲಿ ತೈಲ ದೊರೆತದ್ದರಿಂದ ಕೆಲಕಾಲ ಉಸಿರಾಡುವಂತಾಯಿತಾದರೂ, ಬಳಕೆಯು ಉತ್ಪಾದನೆಯನ್ನು ಹಿಂದೆ ಹಾಕಿ ಬೆಳೆಯುತ್ತಲೇ ಹೋಯಿತು. ಇತ್ತೀಚಿನ ವರ್ಷಗಳಲ್ಲಿ ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತಲೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತಿದೆ.

ಈ ಅವಲಂಬನೆಯ ಬೆಲೆ 1990ರಲ್ಲಿ ಕಣ್ಣಿಗೆ ಕಟ್ಟಿತು. ಇರಾಕ್ ಕುವೈತನ್ನು ಆಕ್ರಮಿಸಿದ್ದರಿಂದ ತೈಲದ ಬೆಲೆ ಏರಿತು, ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ಕಳುಹಿಸುತ್ತಿದ್ದ ಹಣ ಕುಗ್ಗಿತು, 1 ಲಕ್ಷ 70 ಸಾವಿರದಷ್ಟು ಜನರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಬೇಕಾಯಿತು. ಮರುವರ್ಷ ವಿದೇಶೀ ವಿನಿಮಯಕ್ಕಾಗಿ ರಾಷ್ಟ್ರವು ಚಿನ್ನವನ್ನು ಒತ್ತೆಯಿಡುವ ಸ್ಥಿತಿಗೆ ಬಂದಿತು. ತರುವಾಯದ ದಶಕಗಳಲ್ಲಿ ಸರ್ಕಾರವು ಹಲವು ದಿಕ್ಕಿನಲ್ಲಿ ಕೈಚಾಚಿತು. ಓ.ಎನ್.ಜಿ.ಸಿ. ವಿದೇಶ್ ಸಂಸ್ಥೆಯು 2001ರಲ್ಲಿ ರಷ್ಯದ ಸಖಾಲಿನ್ ತೈಲಕ್ಷೇತ್ರದಲ್ಲಿ ಶೇ. 20ರ ಪಾಲನ್ನು ಪಡೆಯಿತು. ಕತಾರಿನಿಂದ ವರ್ಷಕ್ಕೆ 75 ಲಕ್ಷ ಟನ್ ದ್ರವೀಕೃತ ಅನಿಲವನ್ನು ತರುವ ದೀರ್ಘಕಾಲದ ಒಪ್ಪಂದವು 2024ರಲ್ಲಿ 2048ರವರೆಗೆ ವಿಸ್ತೃತವಾಯಿತು. ಇರಾನಿನಿಂದ ಪಾಕಿಸ್ತಾನದ ಮೂಲಕ ಅನಿಲವನ್ನು ತರುವ ಕೊಳವೆಮಾರ್ಗದ ಯೋಜನೆಯಾದರೋ ನೆರೆಹೊರೆಯ ಅವಿಶ್ವಾಸ, ಬೆಲೆಯ ತಕರಾರು, ಮಹಾಶಕ್ತಿಗಳ ಒತ್ತಡ ಇವುಗಳ ನಡುವೆ ಸಿಲುಕಿ ಕಾಗದದಲ್ಲಿಯೇ ಉಳಿಯಿತು.

ಮಂಗಳೂರು: ನಿರ್ಬಂಧಗಳ ನೆರಳಿನಲ್ಲಿ ಶುದ್ಧೀಕರಣಾಗಾರ

ವಿದೇಶಾಂಗ ನೀತಿಯ ತಿರುವುಗಳು ಕರ್ನಾಟಕದ ನೆಲಕ್ಕೆ ನೇರವಾಗಿ ತಾಗಿದ ಸ್ಥಳವೆಂದರೆ ಮಂಗಳೂರಿನ ತೈಲ ಶುದ್ಧೀಕರಣಾಗಾರ. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲವನ್ನು ಸಂಸ್ಕರಿಸಬಲ್ಲ ಎಂ.ಆರ್.ಪಿ.ಎಲ್. ಒಂದು ಕಾಲದಲ್ಲಿ ಇರಾನಿನ ತೈಲವನ್ನು ಕೊಳ್ಳುವ ಭಾರತೀಯ ಗ್ರಾಹಕರಲ್ಲಿ ಅಗ್ರಗಣ್ಯವಾಗಿತ್ತು. ಇರಾನಿನ ಪರಮಾಣು ಕಾರ್ಯಕ್ರಮವನ್ನು ಕುರಿತ ನಿರ್ಬಂಧಗಳು ಬಿಗಿಯಾದಂತೆ, 2010ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಏಷ್ಯನ್ ಕ್ಲಿಯರಿಂಗ್ ಯೂನಿಯನ್ನಿನ ಮೂಲಕ ಹಣ ಸಲ್ಲಿಸುವುದನ್ನು ನಿಲ್ಲಿಸಿತು. ತೈಲ ಕೊಳ್ಳುವವನೂ ಮಾರುವವನೂ ಸಿದ್ಧರಿದ್ದು, ಹಣ ದಾಟಿಸುವ ದಾರಿ ಮಾತ್ರ ಮುಚ್ಚಿದ ಈ ವಿಚಿತ್ರ ಸ್ಥಿತಿಯಲ್ಲಿ, ಮೊದಲು ಜರ್ಮನಿಯ ಹಾಗೂ ತುರ್ಕಿಯ ಬ್ಯಾಂಕುಗಳ ಮೂಲಕವೂ, 2012ರಿಂದ ಕಲ್ಕತ್ತೆಯ ಯೂಕೋ ಬ್ಯಾಂಕಿನಲ್ಲಿ ರೂಪಾಯಿಯ ಖಾತೆ ತೆರೆದು ಬೆಲೆಯ ಒಂದಂಶವನ್ನು ಅಲ್ಲಿಗೆ ಕಟ್ಟುವ ಮೂಲಕವೂ ವ್ಯವಹಾರ ಸಾಗಿತು. ಆ ರೂಪಾಯಿಗಳಿಂದ ಇರಾನು ಭಾರತದ ಅಕ್ಕಿ, ಚಹ ಮೊದಲಾದ ಸರಕುಗಳನ್ನು ಕೊಂಡಿತು. ಇದರ ಮೇಲೆ ವಿಮೆಯ ತೊಡಕು ಬಂದು, ಇರಾನಿನ ತೈಲವನ್ನು ಸಂಸ್ಕರಿಸುವ ಶುದ್ಧೀಕರಣಾಗಾರಗಳಿಗೆ ಮರುವಿಮೆ ದೊರೆಯದಾದಾಗ, 2013ರ ಏಪ್ರಿಲಿನಿಂದ ಕೆಲವು ತಿಂಗಳು ಮಂಗಳೂರಿಗೆ ಆ ತೈಲ ಬರುವುದೇ ನಿಂತಿತು. ಕೊನೆಗೆ ಅಮೆರಿಕವು ಕೊಟ್ಟಿದ್ದ ವಿನಾಯಿತಿಗಳು 2019ರ ಮೇ ತಿಂಗಳಿನಲ್ಲಿ ಮುಗಿದಾಗ ಭಾರತವು ಇರಾನಿನ ಆಮದನ್ನು ಪೂರ್ತಿಯಾಗಿ ನಿಲ್ಲಿಸಬೇಕಾಯಿತು. ಇಂಧನ ರಾಜತಂತ್ರವೆಂಬುದು ತೈಲಬಾವಿಯ ಮುಂದೆ ಮುಗಿಯತಕ್ಕದ್ದಲ್ಲ. ಬ್ಯಾಂಕು, ವಿಮೆ, ಹಡಗು, ನಾಣ್ಯ ಎಲ್ಲವೂ ಅದರ ಅಂಗಗಳೇ ಎಂಬುದನ್ನು ಈ ಪ್ರಸಂಗವು ಸ್ಥಾಪಿಸಿತು. 2022ರಲ್ಲಿ ಯುಕ್ರೇನ್ ಯುದ್ಧವು ಆರಂಭವಾದ ಮೇಲೆ ಭಾರತವು ಅಲ್ಪಪ್ರಮಾಣದಲ್ಲಿದ್ದ ರಷ್ಯದ ತೈಲವನ್ನು ಒಂದೇ ವರ್ಷದಲ್ಲಿ ಆಮದಿನ ಮೂರರಲ್ಲೊಂದು ಪಾಲಿನಷ್ಟಕ್ಕೆ ಏರಿಸಿಕೊಂಡಾಗಲೂ ಇವೇ ಪ್ರಶ್ನೆಗಳು ಮತ್ತೆ ತಲೆಯೆತ್ತಿದವು.

ಮಂಗಳೂರು ಮತ್ತು ಪಾದೂರಿನ ಭೂಗರ್ಭ ಸಂಗ್ರಹಗಳು

ಜೋಳವನ್ನು ಬರಗಾಲಕ್ಕೆಂದು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿಡುವ ಪದ್ಧತಿ ಧಾರವಾಡ, ಗದಗ ಸೀಮೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಅದೇ ವಿವೇಕದ ರಾಷ್ಟ್ರವ್ಯಾಪಿಯಾದ ರೂಪ ಕರಾವಳಿಯ ತೈಲ ಸಂಗ್ರಹಗಳಲ್ಲಿದೆ. ಈ ಕಾರ್ಯಕ್ಕೆಂದೇ 2004ರಲ್ಲಿ ಸ್ಥಾಪಿತವಾದ ಸರ್ಕಾರೀ ಕಂಪನಿಯು ವಿಶಾಖಪಟ್ಟಣದಲ್ಲಿ 13.3 ಲಕ್ಷ, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ, ಒಟ್ಟು 53.3 ಲಕ್ಷ ಟನ್ ಕಚ್ಚಾ ತೈಲವನ್ನು ಹಿಡಿಸುವ ಗುಹೆಗಳನ್ನು ನಿರ್ಮಿಸಿತು. ಹೀಗೆ ರಾಷ್ಟ್ರದ ಮೊದಲ ಹಂತದ ಸಂಗ್ರಹಶಕ್ತಿಯಲ್ಲಿ ಮುಕ್ಕಾಲು ಪಾಲು ಕರ್ನಾಟಕದ ಬಂಡೆಗಳೊಳಗಿದೆ.

ಇವುಗಳ ರಚನೆಯು ಗಮನಾರ್ಹವಾದುದು. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಗಟ್ಟಿಬಂಡೆಯನ್ನು ಸಿಡಿಸಿ, ಸುಮಾರು 30 ಮೀಟರ್ ಎತ್ತರ, 20 ಮೀಟರ್ ಅಗಲದ ಸುರಂಗಗಳನ್ನು ಕೊರೆಯುತ್ತಾರೆ. ಒಳಗೋಡೆಗೆ ಉಕ್ಕಿನ ತಗಡಿನ ಹೊದಿಕೆಯಿಲ್ಲ. ಮೇಲ್ಭಾಗದಲ್ಲಿ ಸಾಲಾಗಿ ಕೊರೆದ ರಂಧ್ರಗಳಲ್ಲಿ ಸದಾ ನೀರನ್ನು ತುಂಬಿಟ್ಟು ಬಂಡೆಯ ಬಿರುಕುಗಳಲ್ಲೆಲ್ಲ ಜಲದ ಒತ್ತಡವು ತೈಲದ ಒತ್ತಡಕ್ಕಿಂತ ಹೆಚ್ಚಾಗಿರುವಂತೆ ನೋಡಿಕೊಳ್ಳುವುದರಿಂದ, ನೀರು ಒಳಕ್ಕೆ ಜಿನುಗುವುದೇ ಹೊರತು ತೈಲವು ಹೊರಕ್ಕೆ ಸೋರುವುದಿಲ್ಲ. ಒಳಬಂದ ನೀರು ತೈಲಕ್ಕಿಂತ ಭಾರವಾದುದರಿಂದ ತಳದ ಗುಂಡಿಯಲ್ಲಿ ಸೇರುತ್ತದೆ, ಅದನ್ನು ಪಂಪಿನಿಂದ ಎತ್ತಿ ಹೊರಹಾಕುತ್ತಾರೆ.

ರಾಜತಂತ್ರದ ದೃಷ್ಟಿಯಿಂದ ಮಂಗಳೂರಿನ ಗುಹೆಗೆ ವಿಶೇಷ ಮಹತ್ತ್ವವುಂಟು. 2017ರ ಗಣರಾಜ್ಯೋತ್ಸವಕ್ಕೆ ಅಬುಧಾಬಿಯ ಯುವರಾಜ ಮೊಹಮ್ಮದ್ ಬಿನ್ ಜಾಯೆದರು ಮುಖ್ಯ ಅತಿಥಿಗಳಾಗಿ ಬಂದಾಗ ಆದ ಒಪ್ಪಂದದಂತೆ, ಆ ರಾಜ್ಯದ ರಾಷ್ಟ್ರೀಯ ತೈಲ ಕಂಪನಿಯು ಮಂಗಳೂರಿನ ಒಂದು ಗುಹೆಯಲ್ಲಿ 58.6 ಲಕ್ಷ ಬ್ಯಾರೆಲ್ ತೈಲವನ್ನು ತನ್ನ ಖರ್ಚಿನಲ್ಲಿ ಇಡಲು ಒಪ್ಪಿತು. ಅದರ ಮೊದಲ ಹಡಗು 20 ಲಕ್ಷ ಬ್ಯಾರೆಲ್ಲಿನೊಡನೆ 2018ರ ಮೇ ತಿಂಗಳಿನಲ್ಲಿ ಮಂಗಳೂರನ್ನು ಸೇರಿತು. ತೈಲದ ಒಡೆತನ ಅಬುಧಾಬಿಯದು, ಆಪತ್ಕಾಲದಲ್ಲಿ ಅದರ ಮೇಲಿನ ಮೊದಲ ಹಕ್ಕು ಭಾರತದ್ದು. ಮಾರುವವನಿಗೆ ಗ್ರಾಹಕನ ಹೊಸ್ತಿಲಲ್ಲಿಯೇ ಉಗ್ರಾಣ ದೊರೆತರೆ, ಕೊಳ್ಳುವವನಿಗೆ ಬಂಡವಾಳ ಹೂಡದೆಯೇ ಅಭಯ ದೊರೆಯಿತು. 2020ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಮಹಾಮಾರಿಯಿಂದ ತೈಲದ ಬೆಲೆ ಕುಸಿದಾಗ, ಬ್ಯಾರೆಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಈ ಸಂಗ್ರಹಗಳನ್ನು ತುಂಬಿಸಿದುದರಿಂದ ಸರ್ಕಾರದ ಲೆಕ್ಕದಂತೆ 5,000 ಕೋಟಿ ರೂಪಾಯಿಗಿಂತ ಹೆಚ್ಚು ಉಳಿತಾಯವಾಯಿತು. 2021ರ ನವೆಂಬರಿನಲ್ಲಿ ಅಮೆರಿಕ ಮೊದಲಾದ ರಾಷ್ಟ್ರಗಳೊಡನೆ ಕೂಡಿ 50 ಲಕ್ಷ ಬ್ಯಾರೆಲ್ ಹೊರಬಿಡಲು ಭಾರತವು ನಿರ್ಧರಿಸಿದುದು ಸಂಗ್ರಹವು ಸಹಕಾರದ ಸಾಧನವೂ ಆಗಬಲ್ಲುದೆಂಬುದಕ್ಕೆ ಸಾಕ್ಷಿ.

ಆದರೆ ಪೂರ್ತಿ ತುಂಬಿದ ಈ ಮೂರು ಸಂಗ್ರಹಗಳೂ ರಾಷ್ಟ್ರದ ಕಚ್ಚಾ ತೈಲದ ಅಗತ್ಯವನ್ನು ಸುಮಾರು ಒಂಬತ್ತೂವರೆ ದಿನ ಮಾತ್ರ ಪೂರೈಸಬಲ್ಲವು. ತೈಲ ಕಂಪನಿಗಳ ಸ್ವಂತ ದಾಸ್ತಾನು ಇದಕ್ಕೆ ಸೇರಬೇಕು. ಈ ಕೊರತೆಯನ್ನು ತುಂಬಲೆಂದೇ 2021ರಲ್ಲಿ ಒಡಿಶಾದ ಚಂಡಿಖೋಲಿನಲ್ಲಿ 40 ಲಕ್ಷ, ಪಾದೂರಿನಲ್ಲಿ ಮತ್ತೆ 25 ಲಕ್ಷ ಟನ್ನುಗಳ ಎರಡನೆಯ ಹಂತಕ್ಕೆ ಕೇಂದ್ರವು ಮಂಜೂರಾತಿ ನೀಡಿತು. ರಾಷ್ಟ್ರದ ನಿಶ್ಚಿಂತೆಗಾಗಿ ತಮ್ಮ ಗದ್ದೆತೋಟಗಳನ್ನು ಬಿಟ್ಟುಕೊಡಬೇಕಾದ ಪಾದೂರಿನ ಸುತ್ತಣ ಗ್ರಾಮಸ್ಥರ ಅಹವಾಲುಗಳು ಈ ನೀತಿಯ ಲೆಕ್ಕದಿಂದ ಹೊರಗುಳಿಯಕೂಡದು. ಭದ್ರತೆಯು ಎಲ್ಲರದಾದರೆ ಅದರ ಹೊರೆಯೂ ನ್ಯಾಯವಾಗಿ ಹಂಚಿಕೆಯಾಗಬೇಕು.

ಕೈಗಾ ಮತ್ತು ಪರಮಾಣು ಸಂಧಾನ

1974ರ ಪೋಖರಣ್ ಪರೀಕ್ಷೆಯ ಅನಂತರ ಪರಮಾಣು ಇಂಧನದ ಅಂತರರಾಷ್ಟ್ರೀಯ ವ್ಯಾಪಾರದಿಂದ ಹೊರಗಿಡಲ್ಪಟ್ಟ ಭಾರತವು, 2007-08ರ ಹೊತ್ತಿಗೆ ತನ್ನ ಸ್ಥಾವರಗಳನ್ನು ಯುರೇನಿಯಂ ಕೊರತೆಯಿಂದ ಅರ್ಧಬಲದಲ್ಲಿ ನಡೆಸುವಂತಾಗಿತ್ತು. 2005ರ ಜುಲೈ 18ರ ಭಾರತ-ಅಮೆರಿಕ ಜಂಟಿ ಹೇಳಿಕೆಯಿಂದ ಹೊರಟು, 2008ರ ಸೆಪ್ಟೆಂಬರಿನಲ್ಲಿ ಪರಮಾಣು ಸರಬರಾಜು ರಾಷ್ಟ್ರಗಳ ಕೂಟವು ಕೊಟ್ಟ ವಿನಾಯಿತಿಯಲ್ಲಿ ಪರ್ಯವಸಾನಗೊಂಡ ಸಂಧಾನವು ಕಜಕಸ್ತಾನ, ರಷ್ಯ, ಕೆನಡಾ ಮುಂತಾದ ದೇಶಗಳ ಯುರೇನಿಯಮ್ಮಿಗೆ ದಾರಿ ತೆರೆಯಿತು. ಆಮದಾದ ಇಂಧನವು ಅಂತರರಾಷ್ಟ್ರೀಯ ತಪಾಸಣೆಗೊಳಪಟ್ಟ ಸ್ಥಾವರಗಳಿಗೆ ಸಲ್ಲುವುದಾದ್ದರಿಂದ, ದೇಶೀಯ ಗಣಿಗಳ ಯುರೇನಿಯಂ ಉಳಿದ ಸ್ಥಾವರಗಳಿಗೆ ಧಾರಾಳವಾಯಿತು. ಉತ್ತರ ಕನ್ನಡದ ಕೈಗಾ ಈ ಎರಡನೆಯ ಗುಂಪಿನದು. ಅಲ್ಲಿಯ ಒಂದನೆಯ ಘಟಕವು ದೇಶೀಯ ಇಂಧನದಿಂದಲೇ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಜಗತ್ತಿನ ದಾಖಲೆಯನ್ನು ಮುರಿಯಿತು. ಆ ಸಾಧನೆ ಮುಖ್ಯವಾಗಿ ಅಲ್ಲಿಯ ಯಂತ್ರಜ್ಞರದು. ಆದರೂ ದೂರದ ರಾಜಧಾನಿಗಳಲ್ಲಿ ನಡೆದ ಸಂಧಾನವು ದೇಶದೊಳಗಿನ ಇಂಧನದ ಹಂಚಿಕೆಯನ್ನೇ ಸಡಿಲಗೊಳಿಸಿದ್ದಿತೆಂಬುದನ್ನು ಮರೆಯಲಾಗದು.

ಅನಿಲ ಮತ್ತು ರಸಗೊಬ್ಬರ

ದ್ರವೀಕೃತ ಅನಿಲವು ಬಂದರಿನಲ್ಲಿಳಿದ ಮೇಲೆ ನಾಡಿನ ಒಳಭಾಗವನ್ನು ಸೇರುವುದು ಕೊಳವೆಗಳ ಮೂಲಕ. ದಾಭೋಳ-ಬೆಂಗಳೂರು ಕೊಳವೆಮಾರ್ಗವು 2013ರಲ್ಲಿ ಬೆಳಗಾವಿ, ಧಾರವಾಡ ಸೀಮೆಗಳನ್ನು ಹಾಯ್ದು ಬಂದಿತು. 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಮಾರ್ಗವು 2021ರ ಜನವರಿಯಲ್ಲಿ ಲೋಕಾರ್ಪಣೆಗೊಂಡು, ಪಣಂಬೂರಿನ ರಸಗೊಬ್ಬರ ಕಾರ್ಖಾನೆಯು ನಾಫ್ತಾವನ್ನು ಬಿಟ್ಟು ಅನಿಲವನ್ನು ಬಳಸಲು ಅನುಕೂಲ ಕಲ್ಪಿಸಿತು. ತೈಲ, ಅನಿಲಗಳ ಬೆಲೆಯೇರಿಕೆಯು ಗೊಬ್ಬರದ ಬೆಲೆಯನ್ನೂ ಎಳೆದುಕೊಂಡು ಹೋಗುತ್ತದೆ. ಜಗತ್ತಿನ ತೈಲದರವು ಬ್ಯಾರೆಲ್ಲಿಗೆ 147 ಡಾಲರನ್ನು ಮುಟ್ಟಿದ 2008ರ ಮುಂಗಾರಿನಲ್ಲಿ ಗದಗಿಗೆ ನೆರೆಯ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆಯಿತು. ಅಂದಿನ ಅಭಾವಕ್ಕೆ ವಿತರಣೆಯ ದೋಷಗಳೂ ಸೇರಿದ್ದವು. ಆದರೂ ಬಿತ್ತನೆಯ ವಾರದಲ್ಲಿ ಗೊಬ್ಬರ ತಪ್ಪಿದರೆ ರೈತನ ವರ್ಷವೇ ತಪ್ಪುವುದೆಂಬುದನ್ನು ಸಂಧಾನಕ್ಕೆ ಕೂರುವವರು ಸದಾ ನೆನಪಿನಲ್ಲಿಡತಕ್ಕದ್ದು.

ಗಾಳಿ, ಬಿಸಿಲು ಮತ್ತು ಖನಿಜಗಳ ರಾಜತಂತ್ರ

ಇಟಗಿಯ ಸೀಮೆಯಲ್ಲಿಯೇ, ಗಜೇಂದ್ರಗಡದ ಗುಡ್ಡಸಾಲಿನ ಮೇಲೆಯೂ ಗದಗಿನ ಕಪ್ಪತಗುಡ್ಡದ ಬಳಿಯಲ್ಲಿಯೂ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳು ಈ ವಿಷಯದ ಹೊಸ ಅಧ್ಯಾಯವನ್ನು ಸೂಚಿಸುತ್ತವೆ. ಗಾಳಿಗೂ ಬಿಸಿಲಿಗೂ ಜಲಸಂಧಿಯಿಲ್ಲ, ನಿರ್ಬಂಧವಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ ಹರಡಿದ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದುದು ಮೆಚ್ಚತಕ್ಕ ಮಾದರಿ. ಬಿಸಿಲಿನ ಬಲದಿಂದಲೇ ಭಾರತವು ಇಂಧನ ರಾಜತಂತ್ರದಲ್ಲಿ ಕೊಳ್ಳುವವನ ಸ್ಥಾನದಿಂದ ಕೊಡುವವನ ಸ್ಥಾನಕ್ಕೆ ಒಂದು ಹೆಜ್ಜೆಯಿಟ್ಟಿತು: 2015ರ ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನೊಡಗೂಡಿ ಘೋಷಿಸಿದ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ಗುರುಗ್ರಾಮವೇ ಕೇಂದ್ರಸ್ಥಾನವಾಯಿತು, 2023ರಲ್ಲಿ ಜಿ-20ರ ಅಧ್ಯಕ್ಷತೆ ವಹಿಸಿದಾಗ ಇಂಧನ ಪರಿವರ್ತನೆಯ ಕಾರ್ಯತಂಡದ ಮೊದಲ ಸಭೆ ಬೆಂಗಳೂರಿನಲ್ಲಿ ಕೂಡಿತು.

ಆದರೆ ಹೊಸ ಇಂಧನವು ಹೊಸ ಅವಲಂಬನೆಯನ್ನೂ ತರುತ್ತದೆ. ಸೌರಫಲಕಗಳಲ್ಲಿ, ಬ್ಯಾಟರಿಗಳಲ್ಲಿ, ಹಲವು ಬಗೆಯ ಗಾಳಿಯಂತ್ರಗಳ ಆಯಸ್ಕಾಂತಗಳಿಗೆ ಬೇಕಾದ ವಿರಳ ಧಾತುಗಳಲ್ಲಿ ಚೀನದ ಪ್ರಾಬಲ್ಯ ಅಪಾರ. 2025ರ ಏಪ್ರಿಲಿನಲ್ಲಿ ಆ ದೇಶವು ಕೆಲವು ವಿರಳ ಧಾತುಗಳ ರಫ್ತಿಗೆ ಕಟ್ಟುಪಾಡು ವಿಧಿಸಿದಾಗ ಅದರ ಬಿಸಿ ಜಗತ್ತಿಗೆಲ್ಲ ತಟ್ಟಿತು. 2019ರಲ್ಲಿ ಭಾರತವು ಇಂಥ ಖನಿಜಗಳಿಗಾಗಿ ಕಾಬಿಲ್ ಎಂಬ ಸಾರ್ವಜನಿಕ ಸಂಸ್ಥೆಯನ್ನು ಸ್ಥಾಪಿಸಿದುದೂ, ಅದು 2024ರ ಜನವರಿಯಲ್ಲಿ ಅರ್ಜೆಂಟೀನದ ಕಾಟಮಾರ್ಕಾ ಪ್ರಾಂತದಲ್ಲಿ ಲಿಥಿಯಂ ಅನ್ವೇಷಣೆಗೆ ಒಪ್ಪಂದ ಮಾಡಿಕೊಂಡುದೂ ಈ ಮುಂದಾಲೋಚನೆಯ ಫಲ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಅಂದಾಜಾಗಿರುವ 1,600 ಟನ್ ಲಿಥಿಯಂ ಪ್ರಮಾಣದಲ್ಲಿ ಅಲ್ಪವಾದರೂ ಸ್ವದೇಶೀ ಶೋಧದ ಅಗತ್ಯವನ್ನು ನೆನಪಿಸುತ್ತದೆ.

ನೀತಿ ಮತ್ತು ಆಡಳಿತದ ಸಮನ್ವಯ

ಭಾರತದಲ್ಲಿ ಪೆಟ್ರೋಲಿಯಂ, ಕಲ್ಲಿದ್ದಲು, ವಿದ್ಯುತ್ತು, ನವೀಕರಣೀಯ ಶಕ್ತಿ ಇವು ಬೇರೆ ಬೇರೆ ಮಂತ್ರಾಲಯಗಳಿಗೆ ಸೇರಿವೆ. ಪರಮಾಣು ಶಕ್ತಿಯು ಪ್ರಧಾನಮಂತ್ರಿಯ ನೇರ ಉಸ್ತುವಾರಿಯಲ್ಲಿರುವ ಇಲಾಖೆ. ಇವೆಲ್ಲವನ್ನೂ ಒಂದೇ ದೃಷ್ಟಿಯಿಂದ ನೋಡಲು 2006ರಲ್ಲಿ ಕಿರೀಟ್ ಪಾರಿಖರ ಅಧ್ಯಕ್ಷತೆಯ ಸಮಿತಿಯು ಸಮಗ್ರ ಇಂಧನ ನೀತಿಯ ವರದಿಯನ್ನೊಪ್ಪಿಸಿತು. ವಿದೇಶಾಂಗ ಮಂತ್ರಾಲಯವೂ ಇಂಧನ ಭದ್ರತೆಗೆ ತನ್ನಲ್ಲಿ ಪ್ರತ್ಯೇಕ ವಿಭಾಗದ ಏರ್ಪಾಡು ಮಾಡಿಕೊಂಡಿತು. ಅಮೆರಿಕವು 2011ರಲ್ಲಿ ತನ್ನ ವಿದೇಶಾಂಗ ಇಲಾಖೆಯಲ್ಲಿ ಇಂಧನ ಸಂಪನ್ಮೂಲಗಳ ಶಾಖೆಯನ್ನು ತೆರೆದುದು ಇದೇ ಪ್ರವೃತ್ತಿಯ ಇನ್ನೊಂದು ನಿದರ್ಶನ. ಆದರೆ ಶಾಖೆಗಳನ್ನು ತೆರೆಯುವುದೇ ಸಮನ್ವಯವಲ್ಲ. ರಾಯಭಾರಿಯು ಒಪ್ಪಂದದ ಕರಡನ್ನು ಬರೆಯುವಾಗಲೇ ಬಂದರಿನ ಸಾಮರ್ಥ್ಯ, ಶುದ್ಧೀಕರಣಾಗಾರಕ್ಕೆ ಒಗ್ಗುವ ತೈಲದ ಜಾತಿ, ಹಣಪಾವತಿಯ ನಾಣ್ಯ, ವಿಮೆಯ ಸಾಧ್ಯತೆ ಇವೆಲ್ಲ ಅವನ ಮುಂದಿರಬೇಕು. ಅಂತೆಯೇ ಗಜೇಂದ್ರಗಡದ ಗುಡ್ಡದ ಮೇಲೆ ಇನ್ನೊಂದು ಗಾಳಿಯಂತ್ರಕ್ಕೆ ಅನುಮತಿ ಕೊಡುವ ಅಧಿಕಾರಿಗೆ, ತನ್ನ ಕಡತವು ರಾಷ್ಟ್ರದ ವಿದೇಶಾಂಗ ಬಲದ ಒಂದು ಅಂಶವೆಂಬ ಅರಿವಿರಬೇಕು.

ಮೇಲಿನ ನಿದರ್ಶನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಪರರೊಡನೆ ಆಡುವ ಮಾತಿಗೆ ಬಲ ಬರುವುದು ಮನೆಯೊಳಗಿನ ಸಿದ್ಧತೆಯಿಂದ. ಸಂಸ್ಕರಿಸುವ ಸ್ವಂತ ಶುದ್ಧೀಕರಣಾಗಾರಗಳಿಲ್ಲದಿದ್ದಾಗ ಸೋವಿಯತ್ ತೈಲದ ಸ್ನೇಹವು ಕೈಗೆಟುಕಲಿಲ್ಲ. ಹಣಪಾವತಿಗೆ ಸ್ವಂತ ಮಾರ್ಗವಿಲ್ಲದಿದ್ದಾಗ ಇರಾನಿನ ಮೈತ್ರಿಯು ಪೂರ್ತಿಯಾಗಿ ಉಪಯೋಗಕ್ಕೆ ಬರಲಿಲ್ಲ. ಗುಹೆಗಳು ಸಿದ್ಧವಾಗಿದ್ದಾಗ ಮಾತ್ರ ಅಬುಧಾಬಿಯ ಸೌಹಾರ್ದವು ತೈಲವಾಗಿ ಬಂದಿಳಿಯಿತು. ಆದುದರಿಂದ ಮೂಲಗಳ ವೈವಿಧ್ಯ, ಆಪತ್ಕಾಲದ ಸಂಗ್ರಹ, ಸ್ವದೇಶೀ ಉತ್ಪಾದನೆ, ಮಿತವ್ಯಯ ಎಂಬ ನಾಲ್ಕನ್ನೂ ವಿದೇಶಾಂಗ ನೀತಿಯ ಅಧ್ಯಾಯಗಳೆಂದೇ ಎಣಿಸತಕ್ಕದ್ದು. ಅವುಗಳಿಗೆ ವ್ಯಯವಾಗುವ ಹಣವನ್ನು ರಕ್ಷಣಾವೆಚ್ಚದಷ್ಟೇ ಅವಶ್ಯಕವೆಂದು ಭಾವಿಸತಕ್ಕದ್ದು. ಹೊರದೇಶದ ಯುದ್ಧದ ಸುದ್ದಿ ಬಂದ ದಿನವೂ ಬಿತ್ತನೆಗೆ ಹೊರಟ ರೈತನಿಗೆ ಡೀಸೆಲ್ಲೂ ಗೊಬ್ಬರವೂ ಹಿಂದಿನ ದಿನದ ಬೆಲೆಗೇ ದೊರೆಯುವಂತೆ ಮಾಡಬಲ್ಲ ಸರ್ಕಾರವೇ ಇಂಧನವನ್ನು ತನ್ನ ರಾಜತಂತ್ರದಲ್ಲಿ ನಿಜವಾಗಿ ಸೇರಿಸಿಕೊಂಡ ಸರ್ಕಾರ.